ಅರವತ್ತು ಪೈಸೆ ಚಿಲ್ಲರೆ ಇದೆಯಾ?

ನಮ್ಮ ಬೀದಿ ಕೊನೆಯ ದರ್ಶಿನಿಯ ಬೆಲೆಪಟ್ಟಿ ಈಗ ಸಂಶೋಧಕರು ಓದಬೇಕಾದ ಶಾಸನ. ಮಾಲೀಕರು ಬೋರ್ಡು ಬದಲಿಸುವ ದುಂದಿಗೆ ಹೋಗುವವರಲ್ಲ. ಬೆಲೆ ಏರಿದಾಗಲೆಲ್ಲ ಹಳೆಯ ಅಂಕಿಯ ಮೇಲೆ ಹೊಸ ಸ್ಟಿಕ್ಕರ್. ಮೊನ್ನೆ ಕಾಫಿ ಆರಲೆಂದು ಕಾಯುತ್ತಾ ಉಗುರಿನಿಂದ ಮೆಲ್ಲಗೆ ಕೆರೆದೆ. ಇಡ್ಲಿ-ವಡೆಯ 65ರ ಕೆಳಗೆ 60, ಅದರ ಕೆಳಗೆ 50, ಅದಕ್ಕೂ ಕೆಳಗೆ ಯಾವುದೋ ರಾಮರಾಜ್ಯದ 35. ಇನ್ನಷ್ಟು ಕೆರೆದಿದ್ದರೆ ಕದಂಬರ ಕಾಲದ ದರವೂ ಸಿಗುತ್ತಿತ್ತೇನೋ, ಅಷ್ಟರಲ್ಲಿ ಕ್ಯಾಶಿಯರ್ ಕೆಮ್ಮಿದರು. ಟೇಬಲ್ ಒರೆಸುತ್ತಿದ್ದ ಹುಡುಗನನ್ನು "ನಿನ್ನ ಸಂಬಳಕ್ಕೂ ಸ್ಟಿಕ್ಕರ್ ಅಂಟಿಸ್ತಾರೇನಪ್ಪಾ?" ಎಂದು ಕೇಳಿದೆ. ಅವನು ನಕ್ಕು ನನ್ನ ಲೋಟ ಎತ್ತಿಕೊಂಡು ಹೋದ. ಅದರಲ್ಲಿ ಇನ್ನೂ ಎರಡು ಗುಟುಕು ಕಾಫಿ ಇತ್ತು.

ಸಂಬಳಕ್ಕೆ ಸ್ಟಿಕ್ಕರೇ ಇಲ್ಲವೆಂದರೆ ಸರ್ಕಾರ ಬೇಜಾರು ಮಾಡಿಕೊಂಡೀತು. ಇದೆ. ಅದಕ್ಕೆ ತುಟ್ಟಿಭತ್ಯೆ, ಅಂದರೆ ಡಿಎ, ಎನ್ನುತ್ತಾರೆ. ನಮ್ಮ ರಾಜ್ಯದ ಕನಿಷ್ಠ ವೇತನದ ಲೆಕ್ಕದಲ್ಲಿ ಬೆಲೆ ಸೂಚ್ಯಂಕ ಒಂದು ಪಾಯಿಂಟ್ ಏರಿದರೆ ಕಾರ್ಮಿಕರಿಗೆ ದಿನಕ್ಕೆ 4 ಪೈಸೆ. ಹೌದು, ಪೈಸೆ. ಇಪ್ಪತ್ತೈದು ಪೈಸೆಯ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು, ಭಿಕ್ಷುಕರು ಅದಕ್ಕೂ ಮೊದಲೇ ಅದನ್ನು ವಾಪಸ್ ಕೊಡಲು ಶುರು ಮಾಡಿದ್ದರು. ನಾಲ್ಕಾಣೆ ಸತ್ತು ಇಷ್ಟು ವರ್ಷವಾದರೂ ಅದರ ಆರನೇ ಒಂದು ಪಾಲು ಮಾತ್ರ ಅಧಿಸೂಚನೆಯಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ.

ಹನಿ ಹನಿ ಕೂಡಿದರೆ ಹಳ್ಳ ಎನ್ನುತ್ತೀರಾ? ಕೂಡಿಸೋಣ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರಿಗೆ ಬರಬೇಕಿದ್ದ ಏರಿಕೆ ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 13 ರೂಪಾಯಿ 92 ಪೈಸೆ. ಇಷ್ಟು ಕೊಟ್ಟರೆ ಉದ್ಯಮವೇ ಮುಳುಗೀತೆಂದು ಕೋವಿಡ್ ಹೆಸರಿನಲ್ಲಿ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಲಾಯಿತು. ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದವು. ಬಾಕಿ ಕೈಗೆ ಬರಲು 2022ರವರೆಗೆ ಕಾದವರು ಬಹಳ ಮಂದಿ. ದೊಡ್ಡ ದೊಡ್ಡ ವಿದೇಶಿ ಬ್ರ್ಯಾಂಡುಗಳ ಶರ್ಟು ಹೊಲಿಯುವ ಕೈಗಳಿಗೆ ಹದಿನಾಲ್ಕು ರೂಪಾಯಿ ಹೊಂದಿಸುವಷ್ಟರಲ್ಲಿ ಜಗತ್ತು ಎರಡು ಅಲೆ ದಾಟಿತ್ತು.

ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹತಾಶರಾಗಬೇಡಿ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ವೇತನ ಪರಿಷ್ಕರಣೆ ಹೇಗಿರಬೇಕೆಂದು ತೋರಿಸಿಕೊಟ್ಟರು. ಹನಿಟ್ರ್ಯಾಪ್ ಗಲಾಟೆಯಲ್ಲಿ ಸಭಾಧ್ಯಕ್ಷರ ಪೀಠದ ಸುತ್ತ ಹರಿದ ಕಾಗದ ಪುಷ್ಪವೃಷ್ಟಿಯಂತೆ ಸುರಿಯುತ್ತಿತ್ತು. ಬಿಜೆಪಿಯ 18 ಶಾಸಕರು ಅಮಾನತಾದರು. ಆ ಗದ್ದಲದಲ್ಲೇ, ಒಂದು ಮಾತಿನ ಚರ್ಚೆಯೂ ಇಲ್ಲದೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಸೂಚ್ಯಂಕ ಬೇಕಾಗಲಿಲ್ಲ, ಪಾಯಿಂಟು ಬೇಕಾಗಲಿಲ್ಲ. ಕಾಗದ ಎಸೆದವರ ಸಂಬಳವೂ ಏರಿತು, ಕಾಗದ ಬಿದ್ದವರದೂ ಏರಿತು. ಆ ಕಾಗದ ಗುಡಿಸಿದವರ ವಿಷಯ ಕಾರ್ಯಸೂಚಿಯಲ್ಲಿ ಇರಲಿಲ್ಲ.

ಅದೇ ವರ್ಷದ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹತ್ತು ಸಾವಿರದ ಖಾತ್ರಿಗಾಗಿ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಹಗಲೂ ರಾತ್ರಿ ಕೂತಿದ್ದರು. ಕ್ರಮ ಗೊತ್ತಿಲ್ಲದ ಹೆಣ್ಣುಮಕ್ಕಳು. ಪಾರ್ಕಿನಲ್ಲಿ ಕೂತರೆ ನಾಲ್ಕು ದಿನ, ವಿಧಾನಸೌಧದೊಳಗೆ ಕೂತರೆ ನಾಲ್ಕು ನಿಮಿಷ.

ಬಿಸಿಯೂಟದ ಅಡುಗೆಯವರ ಗೌರವಧನ ಇನ್ನೂ ಸ್ವಾರಸ್ಯ. ಕೇಂದ್ರದ ಯೋಜನೆ ಅವರಿಗೆ 2009ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿತು. ಅದು ಅಂದಿನಿಂದ ಕದಲಿಲ್ಲ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಶಾಲೆಗೆ ರಜೆ ಎಂದರೆ ಅಡುಗೆಯವರ ಹೊಟ್ಟೆಗೂ ಬೇಸಿಗೆ ರಜೆ. ನಮ್ಮ ರಾಜ್ಯ ತನ್ನ ಪಾಲು ಸೇರಿಸಿ ಒಂದಿಷ್ಟು ಹೆಚ್ಚು ಕೊಡುತ್ತದೆ, ಸುಳ್ಳು ಹೇಳಬಾರದು. ಸಂಬಳ ಎನ್ನದೆ ಗೌರವಧನ ಎಂದು ಕರೆದಿರುವುದರಲ್ಲೇ ಗುಟ್ಟಿದೆ: ಧನ ಸಾಲದೆ ಬಂದರೆ ಗೌರವ ಬೆರೆಸಿ ಉಣ್ಣಬಹುದು.

ಹಾಲಿನ ಕಥೆ ನಿಮಗೆ ಗೊತ್ತೇ ಇದೆ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಎಂಎಲ್ ಹೆಚ್ಚಿಗೆ ಹಾಕಿ ಎರಡು ರೂಪಾಯಿ ಏರಿಸಿ, ಇದು ಬೆಲೆ ಏರಿಕೆಯೇ ಅಲ್ಲ ಎಂದರು. 2025ರ ಏಪ್ರಿಲ್ 1ಕ್ಕೆ ಆ 50 ಎಂಎಲ್ ಹೋಯಿತು, ಲೀಟರಿಗೆ ನಾಲ್ಕು ರೂಪಾಯಿ ಬಂತು. ಅದೇ ದಿನ ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ. (ಪೈಸೆ ಜೀವಂತವಾಗಿರುವ ಇನ್ನೊಂದು ಜಾಗ ಇದು. ಬರುವಾಗ ನಾಲ್ಕು, ಹೋಗುವಾಗ ಮೂವತ್ತಾರು.) ಎದುರು ಮನೆಯ ಐಟಿ ಹುಡುಗನ ಕಂಪನಿ ಈ ಹಾಲಿನ ಸೂತ್ರವನ್ನು ಚೆನ್ನಾಗಿ ಕರಗತ ಮಾಡಿಕೊಂಡಿದೆ: ಸಂಬಳ ಏರಿಸಿಲ್ಲ, ಕೆಲಸ 50 ಎಂಎಲ್ ಹೆಚ್ಚಿಗೆ ಕೊಟ್ಟಿದೆ. ಅವನ ಚಿಕ್ಕಪ್ಪ ಹದಿನೈದು ವರ್ಷದ ಹಿಂದೆ ಫ್ರೆಶರ್ ಆಗಿ ಸೇರಿದ್ದು ವರ್ಷಕ್ಕೆ ಮೂರೂಕಾಲು ಲಕ್ಷಕ್ಕೆ. ಇವನು ಸೇರಿದ್ದು ಮೂರೂವರೆಗೆ. ಚಿಕ್ಕಪ್ಪ ಆ ದುಡ್ಡಲ್ಲಿ ಸೈಟ್ ನೋಡಲು ಹೋಗುತ್ತಿದ್ದರಂತೆ. ಇವನು ಪಿಜಿಯಲ್ಲಿ ಮೂವರು ಇರುವ ರೂಮಿನಿಂದ ಇಬ್ಬರು ಇರುವ ರೂಮಿಗೆ ಹೋಗುವ ಕನಸು ಕಾಣುತ್ತಿದ್ದಾನೆ.

ಬೆಲೆ ಎಷ್ಟು ಏರಿತೆಂದು ದೇಶ ತೂಗುವ ತಕ್ಕಡಿಯನ್ನೂ ಒಮ್ಮೆ ನೋಡಬೇಕು. 2012ನ್ನು ಆಧಾರವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದ ಬುಟ್ಟಿಯಲ್ಲಿ, ಅಂದರೆ ಬೆಲೆಯ ಲೆಕ್ಕಕ್ಕೆ ಹಿಡಿಯುವ ಸಾಮಾನುಗಳ ಪಟ್ಟಿಯಲ್ಲಿ, ಮೊನ್ನೆ ಮೊನ್ನೆಯವರೆಗೂ ಟೇಪ್‌ರೆಕಾರ್ಡರ್ ಇತ್ತು, ಡಿವಿಡಿ ಪ್ಲೇಯರ್ ಇತ್ತು. ಟೇಪ್‌ರೆಕಾರ್ಡರ್ ತುಟ್ಟಿಯಾಗಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ, ನಮ್ಮ ಅಟ್ಟದ ಮೇಲೆ ಒಂದಿದೆ, ಪುಕ್ಕಟೆ ಕೊಡುತ್ತೇನೆಂದರೂ ಗುಜರಿಯವನು ಒಯ್ಯುತ್ತಿಲ್ಲ. ಹಳ್ಳಿಯ ಮನೆ ಬಾಡಿಗೆಗೆ ಆ ಬುಟ್ಟಿಯಲ್ಲಿ ಜಾಗವೇ ಇರಲಿಲ್ಲ. ಪೇಟೆಯ ಲೆಕ್ಕದಲ್ಲಿ ಮನೆಗೆ ಸಿಕ್ಕ ಪಾಲು ನೂರಕ್ಕೆ 21.67. ಈ ಅಂಕಿಯನ್ನು ನಮ್ಮ ಓನರ್‌ಗೆ ತೋರಿಸಿ, "ಸಾರ್, ಸರ್ಕಾರದ ಪ್ರಕಾರ ಸಂಬಳದ ಐದನೇ ಒಂದು ಭಾಗ ಬಾಡಿಗೆಗೆ ಹೋದರೆ ಸರಿ" ಎಂದೆ. ಹತ್ತು ತಿಂಗಳ ಅಡ್ವಾನ್ಸ್ ಹಿಡಿದಿಟ್ಟುಕೊಂಡಿರುವ ಆ ಪುಣ್ಯಾತ್ಮ, "ಹಾಗಾದ್ರೆ ಸರ್ಕಾರದ ಮನೇಲೇ ಇರಿ. ಹೋಗುವಾಗ ಪೇಂಟಿಂಗಿಗೆ ಒಂದು ತಿಂಗಳದ್ದು ಮುರ್ಕೋತೀನಿ" ಎಂದರು.

ಹಿಂದಿನ ಬೀದಿಯ ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಹಾಲಿನ ಬೂತಿನ ಹತ್ತಿರ ಸಿಕ್ಕಿದರು, ಕೈಯಲ್ಲಿ ಅರ್ಧ ಲೀಟರಿನ ಒಂದು ಪ್ಯಾಕೆಟ್. ಮೊದಲು ಎರಡು ಒಯ್ಯುತ್ತಿದ್ದರು. ನನಗೆ ಬಹಳ ದಿನದಿಂದ ಕೊರೆಯುತ್ತಿದ್ದ ಅನುಮಾನ ಕೇಳಿಯೇ ಬಿಟ್ಟೆ.

"ಅಕ್ಕಾ, ಅವತ್ತಿನ ಡಿಎ 417 ರೂಪಾಯಿ 60 ಪೈಸೆ ಇತ್ತಲ್ಲ, ಆ ಅರವತ್ತು ಪೈಸೆ ಹೇಗೆ ಕೊಟ್ರು?"

"ಪೈಸೆ ಎಲ್ಲಿ ಸಾರ್ ಕೊಡ್ತಾರೆ, ರೌಂಡ್ ಮಾಡಿದ್ರು."

"ಮೇಲಕ್ಕೋ, ಕೆಳಕ್ಕೋ?"

ಅಕ್ಕ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅಷ್ಟರಲ್ಲಿ ಫ್ಯಾಕ್ಟರಿ ವ್ಯಾನು ಬಂತು.