ಸ್ಪ್ರೇ ಹೊಡೆದು ಮತ್ತೆ ಅಂಕಣಕ್ಕೆ ದಬ್ಬಬೇಡಿ

ಮೊಣಕಾಲು ತಿರುಚಿ ಬಿದ್ದವನ ಕಾಲನ್ನು ಹಿಡಿದು ಜಗ್ಗುವುದನ್ನು ಇನ್ನು ಎಲ್ಲಿ ಕಂಡರೂ ನಾನು ಸುಮ್ಮನಿರುವುದಿಲ್ಲ. ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದೂರಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ರೇಡಿಗೆ ಹೋದ ಹುಡುಗ ಬೋನಸ್ ಗೆರೆಯ ಹತ್ತಿರ ಗಕ್ಕನೆ ನಿಂತು ಎಡಕ್ಕೆ ತಿರುಗಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ಮೈ ತಿರುಗಿತು, ಮೊಣಕಾಲು ಒಳಕ್ಕೆ ಬಾಗಿತು. ಬಿದ್ದವನನ್ನು ಎಂಟು ಹತ್ತು ಜನ ಮುತ್ತಿದರು. ಒಬ್ಬ ಪಾದ ಹಿಡಿದು ಎಳೆದ, ಇನ್ನೊಬ್ಬ ಮಂಡಿಚಿಪ್ಪನ್ನು ತಿಕ್ಕಿದ, ಮತ್ತೊಬ್ಬ ನೋವಿನ ಸ್ಪ್ರೇಯನ್ನು ಬುಸ್ಸೆಂದು ಹೊಡೆದ. ಹುಡುಗ ಹಲ್ಲು ಕಚ್ಚಿ ಎದ್ದು ನಿಂತ, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವನನ್ನೇ ಮತ್ತೆ ರೇಡಿಗೆ ಕಳಿಸಿದರು! ಅಂಕಣದಲ್ಲಿ 7 ಜನ ಆಡುವ ಆಟಕ್ಕೆ 12 ಜನರ ತಂಡ ಕಟ್ಟುವುದು ಮತ್ತೇಕೆ? ಬದಲಿ ಆಟಗಾರ ಜೆರ್ಸಿ ತೊಟ್ಟು ಪಕ್ಕದಲ್ಲೇ ಕುಳಿತಿದ್ದ.

ಆ ಸ್ಪ್ರೇ ಮೇಲಿನ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಒಳಗೆ ಹರಿದದ್ದನ್ನು ಜೋಡಿಸುವುದಿಲ್ಲ. ಮೊಣಕಾಲಿನ ನಡುವೆ ಎಸಿಎಲ್ ಎಂಬ ಅಸ್ಥಿರಜ್ಜು ಇದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ಅಡ್ಡಾದಿಡ್ಡಿ ತಿರುಗದಂತೆ ಹಿಡಿದಿಡುವುದು ಅದು. ಓಡುತ್ತಿದ್ದವನು ತಟ್ಟನೆ ನಿಂತು ತಿರುಗಿದಾಗ ಹರಿಯುವುದೂ ಅದೇ. ಒಳಗೆ ಟಪ್ ಎಂದಂತಾಯಿತು ಎಂದು ಹುಡುಗ ಹೇಳಿದರೆ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿದರೆ, ಅನುಮಾನಪಡಲೇಬೇಕು. ಎಕ್ಸ್‌ರೇ ತೆಗೆಸಿ, ಮೂಳೆ ಸರಿಯಿದೆ ಎಂದ ಕೂಡಲೇ ಮನೆಗೆ ಹೋಗುತ್ತಾರೆ. ಹರಿದ ರಜ್ಜು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ನಡೆಯಲು ಬರುತ್ತದೆ, ವಾಸಿಯಾಯಿತೆಂದು ಮತ್ತೆ ಆಡಲು ಇಳಿಯುತ್ತಾರೆ. ಹಿಡಿತವಿಲ್ಲದ ಮಂಡಿ ಇನ್ನೊಮ್ಮೆ ಹೊರಳಿದಾಗ ಮೆನಿಸ್ಕಸ್ ಎಂಬ ಮೆತ್ತೆಯೂ ಹರಿಯಬಹುದು. ನನ್ನ ತಮ್ಮನಿಗೆ ಆದದ್ದು ಇದೇ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಗಾರೆ ಕೆಲಸದವನು, ಈಗ ಸಾರ್ವೆ ಹತ್ತಲು ಹೆದರುತ್ತಾನೆ. ಅವನ ಕಾಲನ್ನೂ ಅಂದು ಹೀಗೆಯೇ ಎಳೆದಿದ್ದರು, ರಾತ್ರಿ ಬಿಸಿ ಎಣ್ಣೆ ಹಚ್ಚಿ ನೀವಿದ್ದರು. ಹೊಸ ಪೆಟ್ಟಿಗೆ ಮೊದಲ ಎರಡು ಮೂರು ದಿನ ಶಾಖವೂ ಬೇಡ, ತಿಕ್ಕುವುದೂ ಬೇಡ. ಊತ ಹೆಚ್ಚುತ್ತದೆ.

"ನಾವು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವರು, ನಮಗೇನಾಯಿತು ಮಾಸ್ಟ್ರೇ?" ಎಂದು ಹಿರಿಯರೊಬ್ಬರು ನಿನ್ನೆಯೇ ಕೇಳಿದರು. ಮಣ್ಣಿನಲ್ಲಿ ಪಾದ ಜಾರುತ್ತಿತ್ತು ಸ್ವಾಮಿ. ಮಂಡಿಗೆ ಬರುವ ತಿರುಚನ್ನು ಆ ಜಾರುವಿಕೆ ಎಷ್ಟೋ ತಗ್ಗಿಸುತ್ತಿತ್ತು. ಮ್ಯಾಟಿನ ಮೇಲೆ ಶೂ ಕಚ್ಚಿ ಹಿಡಿಯುತ್ತದೆ. ಅಲ್ಲದೆ ಮಣ್ಣಿನಲ್ಲೂ ಮಂಡಿ ಕಳೆದುಕೊಂಡವರಿದ್ದರು, ಅವರು ಆಟ ಬಿಟ್ಟು ಮನೆ ಸೇರಿದರು, ಯಾರೂ ಲೆಕ್ಕ ಇಡಲಿಲ್ಲ.

ಇದನ್ನು ಪೂರ್ತಿ ತಡೆಯಲಾಗದು, ಆದರೆ ತಗ್ಗಿಸಬಹುದು. ಫುಟ್‌ಬಾಲಿನವರು ಅದನ್ನು ಮಾಡಿ ತೋರಿಸಿದ್ದಾರೆ. ಫಿಫಾ 2006ರಲ್ಲಿ '11 ಪ್ಲಸ್' ಎಂಬ ವಾರ್ಮ್‌ಅಪ್ ಕ್ರಮ ರೂಪಿಸಿತು. ಸುಮಾರು 20 ನಿಮಿಷ ಸಾಕು: ನಿಧಾನ ಓಟ, ತೊಡೆ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ, ಒಂಟಿಕಾಲಿನ ಸಮತೋಲನ, ಜಿಗಿದು ಮಂಡಿ ಒಳಕ್ಕೆ ಬಾಗದಂತೆ ಇಳಿಯುವ ಅಭ್ಯಾಸ. ವಾರಕ್ಕೆ ಎರಡು ಸಲವಾದರೂ ಬಿಡದೆ ಮಾಡಿದ ತಂಡಗಳಲ್ಲಿ ಗಾಯಗಳು ಶೇ 30ರಿಂದ 50ರಷ್ಟು ಕಡಿಮೆಯಾದವು. ಜಿಮ್ ಬೇಡ, ಸಲಕರಣೆ ಬೇಡ. ನಮ್ಮ ಶಾಲೆಯ ಮಕ್ಕಳಿಗೆ ನಾನು ಇದನ್ನೇ ಮಾಡಿಸುತ್ತೇನೆ, ಅವರು ಬೇಸರಪಟ್ಟರೂ ಬಿಡುವುದಿಲ್ಲ.

ರಾತ್ರಿಯ ಪಂದ್ಯಾಟದಲ್ಲಿ ನಡೆಯುವುದೇನು? ಹತ್ತು ಗಂಟೆಗೆ ಮೊದಲ ಪಂದ್ಯ, ಮುಂದಿನದು ನಡುರಾತ್ರಿ ಕಳೆದ ಮೇಲೆ. ನಡುವೆ ಹುಡುಗರು ಬೆವರಿದ ಬಟ್ಟೆಯಲ್ಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಡಿ ಕೂರುತ್ತಾರೆ. ಮೈಕಿನಲ್ಲಿ ತಂಡದ ಹೆಸರು ಕೂಗಿದೊಡನೆ ಎದ್ದು, ತೊಡೆ ತಟ್ಟಿ, ನೇರ ಅಂಕಣಕ್ಕೆ. ತಣ್ಣಗಾದ ಸ್ನಾಯು, ನಿದ್ದೆಗಣ್ಣು, ಬೆವರಿಗೆ ಒದ್ದೆಯಾದ ಮ್ಯಾಟ್.

ಪಂದ್ಯಾಟ ನಡೆಸುವ ಗೆಳೆಯರೇ, ಖರ್ಚಿನ ಮಾತೆತ್ತಬೇಡಿ. ಲೈಟು, ಫ್ಲೆಕ್ಸು, ಅತಿಥಿಗಳ ಶಾಲಿಗೆಲ್ಲ ಹಣ ಹೊಂದಿಸಿದವರು ನೀವು. ಒಂದು ಸ್ಟ್ರೆಚರ್, ಎರಡು ಕ್ರೇಪ್ ಬ್ಯಾಂಡೇಜ್ ತಂದಿಡಿ. ನಿನ್ನೆ ತಂಪು ಪಾನೀಯದ ಪೆಟ್ಟಿಗೆಯ ತುಂಬ ಐಸ್ ಇತ್ತು, ಒಂದು ತುಂಡನ್ನೂ ಬಟ್ಟೆಯಲ್ಲಿ ಸುತ್ತಿ ಆ ಮಂಡಿಗೆ ಇಡಲಿಲ್ಲ. ಎರಡು ಪಂದ್ಯಗಳ ನಡುವೆ ಮೈ ಬಿಸಿ ಮಾಡಿಕೊಳ್ಳಲು ಜಾಗ ಬಿಡಿ, ಹೆಸರು ಕೂಗುವುದನ್ನು ಕಾಲು ಗಂಟೆ ಮೊದಲೇ ಮಾಡಿ. ಮಂಡಿ ಹಿಡಿದು ಬಿದ್ದವನು ಆ ರಾತ್ರಿ ಮತ್ತೆ ಆಡಕೂಡದು ಎಂಬುದನ್ನು ನಿಯಮವಾಗಿ ಬರೆದುಬಿಡಿ.

ನಮ್ಮೂರ ಪಂದ್ಯಾಟದ ಸಭೆಯಲ್ಲಿ ಇದನ್ನೇ ಕೇಳುತ್ತೇನೆ. ಒಪ್ಪದಿದ್ದರೆ ನಮ್ಮ ಹಳೆ ವಿದ್ಯಾರ್ಥಿಗಳ ತಂಡ ಈ ಸಲ ಆಡುವುದಿಲ್ಲ. ಹುಡುಗರ ಜೊತೆ ಮಾತಾಡಿಯಾಗಿದೆ.