ಇನ್ಸುಲಿನ್ ಸೂಟ್‌ಕೇಸಿಗೆ ಹಾಕಬೇಕಾ? ಇಲ್ಲಿದೆ ಸತ್ಯಾಂಶ

‘ವಿಮಾನದೊಳಗೆ ಇನ್ಸುಲಿನ್, ಸೂಜಿ ಬಿಡೋದಿಲ್ಲ, ಲಗೇಜಿಗೇ ಹಾಕಿ’ ಅನ್ನೋ ಮೆಸೇಜು ಚಿಕ್ಕಬಳ್ಳಾಪುರದ ನಮ್ಮ ಗ್ರೂಪುಗಳಲ್ಲಿ ಓಡಾಡುತ್ತಿದೆ. ಸಿಂಗಪುರಕ್ಕೆ ಮಗಳ ಮನೆಗೆ ಹೊರಟಿದ್ದ ಪಕ್ಕದ ಮನೆ ಅಜ್ಜಿ ಇದನ್ನು ನಂಬಿ, ಬಾಟಲಿಗಳನ್ನು ಸೀರೆಗಳ ಮಧ್ಯೆ ಸುತ್ತಿಟ್ಟಿದ್ದರು. ನೋಡಿ ಎದೆ ಧಸಕ್ ಅಂತು.

ಮೆಸೇಜು ಹೇಳುವುದು ತಪ್ಪು. ಡಾಕ್ಟರ ಚೀಟಿ, ಅವರದೇ ಒಂದು ಪತ್ರ, ಔಷಧದ ಮೂಲ ಡಬ್ಬಿ ಜೊತೆಗಿದ್ದರೆ ಇನ್ಸುಲಿನ್ನೂ ಸೂಜಿಯೂ ಕೈಚೀಲದಲ್ಲೇ ಹೋಗಬಹುದು. ದೇವನಹಳ್ಳಿ ಏರ್‌ಪೋರ್ಟಿನ ತಪಾಸಣೆಯಲ್ಲಿ ಮೊದಲೇ ಹೇಳಿಬಿಡಿ. ಅಸಲಿ ಅಪಾಯ ಇರೋದು ಲಗೇಜಿನಲ್ಲಿ. ಅಲ್ಲಿ ಚಳಿಗೆ ಇನ್ಸುಲಿನ್ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ್ದು ಕರಗಿದರೂ ಅದನ್ನು ಬಳಸಬಾರದು. ಐಸ್ ಮೇಲೆ ನೇರವಾಗಿ ಇಡುವುದೂ ಬೇಡ.

‘ಅಲ್ಲೇ ಕೊಂಡ್ರಾಯ್ತು’ ಅನ್ನೋರೂ ಇದ್ದಾರೆ. ಇಲ್ಲಿ ಸ್ವಲ್ಪ ಜೋಪಾನ. ನಮ್ಮಲ್ಲಿ ಸಿಗುವ ಎಷ್ಟೋ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಹೊರದೇಶಗಳಲ್ಲಿ ಸಾಮಾನ್ಯವಾಗಿ 100. ನಮ್ಮ 40ರ ಸಿರಿಂಜಿನಲ್ಲಿ ಆ 100ರ ಇನ್ಸುಲಿನ್ ಅಷ್ಟೇ ಗೀಟಿನವರೆಗೆ ಎಳೆದರೆ, ಮೈಗೆ ಹೋಗೋದು ಎರಡೂವರೆ ಪಟ್ಟು. ಸಕ್ಕರೆ ದಿಢೀರ್ ಇಳಿದು ಜೀವಕ್ಕೇ ಕುತ್ತು ಬರಬಹುದು. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಅಂಕಿಯೂ ಒಂದೇ ಇರಬೇಕು.

ಅದಕ್ಕೇ ಬೇಕಾದ್ದರ ಎರಡರಷ್ಟು ಇಲ್ಲಿಂದಲೇ ಒಯ್ಯಿರಿ. ಟೆಸ್ಟ್ ಸ್ಟ್ರಿಪ್, ಗ್ಲೂಕೋಸ್ ಪುಡಿ ಕೈಗೆ ಸಿಗುವಂತಿರಲಿ. ಗಡಿಯಾರ ಬದಲಾಗುವ ಊರಾದರೆ ಡೋಸ್ ಯಾವಾಗ ಅಂತ ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಅಜ್ಜಿಯ ಬಾಟಲಿಗಳನ್ನು ಅವತ್ತೇ ಸಂಜೆ ಕೈಚೀಲಕ್ಕೆ ಸೇರಿಸಿದೆವು.