ಆಲ್ ವೀಲ್ ಡ್ರೈವ್ ಇದೆ ಅಂತ ಮಳೆಯಲ್ಲಿ ಧೈರ್ಯ ಮಾಡಬೇಡಿ

ಮೊನ್ನೆ ಆಫೀಸಿನ ಹುಡುಗನೊಬ್ಬ ಕಾರಿನ ಫೋಟೋ ಕಳಿಸಿದ. ಮರ್ಸಿಡಿಸ್-ಎಎಂಜಿ ಎ45 ಎಸ್, ಸೆಕೆಂಡ್ ಹ್ಯಾಂಡ್. ಎಂಜಿನ್ ಬರೀ 2 ಲೀಟರು, ಆದರೆ ಟರ್ಬೊ ಸೇರಿ 421 ಹಾರ್ಸ್‌ಪವರ್, 500 ನ್ಯೂಟನ್ ಮೀಟರ್ ಟಾರ್ಕ್. ನಾಲ್ಕೂ ಚಕ್ರ ಎಳೆಯುತ್ತವೆ. ಫೋಟೋ ಕೆಳಗೆ ಬರೆದಿದ್ದ: "ಅಣ್ಣಾ, ಶನಿವಾರ ಚಾರ್ಮಾಡಿ. ಮಳೆ ಬಂದ್ರೂ ಪರವಾಗಿಲ್ಲ, ಆಲ್ ವೀಲ್ ಡ್ರೈವ್ ಇದೆ."

ಆ ಕೊನೆಯ ಸಾಲು ಓದಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಮೂರು ವರ್ಷದ ಹಿಂದೆ ನಾನೂ ಹೆಂಡತಿಗೆ ಇದೇ ಮಾತು ಹೇಳಿದ್ದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಕಾರು ತಿರುಗಿಸುವವರು ದಯವಿಟ್ಟು ಪೂರ್ತಿ ಓದಿ.

ನನ್ನದು ಅಷ್ಟು ಶಕ್ತಿಯ ಕಾರಲ್ಲ. 2 ಲೀಟರ್ ಟರ್ಬೊ ಪೆಟ್ರೋಲ್, 190 ಹಾರ್ಸ್‌ಪವರ್, ಫೋರ್ ಬೈ ಫೋರ್, ಅಂದರೆ ಇದರಲ್ಲೂ ನಾಲ್ಕೂ ಚಕ್ರ ಎಳೆಯುತ್ತವೆ. ತೂಕ ಸುಮಾರು 1,800 ಕಿಲೋ. ಜುಲೈ ತಿಂಗಳು, ಸಂಜೆ ಆರು ಗಂಟೆ ಇರಬಹುದು. ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೋಗ್ತಾ ಇದ್ದೆವು. ಜಿಟಿಜಿಟಿ ಮಳೆ. ಪಕ್ಕದಲ್ಲಿ ಹೆಂಡತಿ, ಹಿಂದೆ ಮಗಳು ಮಲಗಿದ್ದಳು. ಮುಂದೆ ಗೊಬ್ಬರದ ಮೂಟೆ ತುಂಬಿದ ಪಿಕಪ್ ಒಂದು ಬಹಳ ಹೊತ್ತಿನಿಂದ ದಾರಿ ಬಿಟ್ಟಿರಲಿಲ್ಲ. ಒಂದು ತಿರುವು ಮುಗಿಯುತ್ತಿದ್ದ ಹಾಗೆ ರಸ್ತೆ ನೇರ ಕಾಣಿಸಿತು. ಆಕ್ಸಿಲರೇಟರ್ ಒತ್ತಿದೆ. ಕಾರು ಒಂಚೂರೂ ತಡವರಿಸದೆ ಮುಂದಕ್ಕೆ ಹಾರಿತು. ಚಕ್ರ ಜಾರಲಿಲ್ಲ, ಸ್ಟೇರಿಂಗ್ ಅಲುಗಲಿಲ್ಲ. ಒಣ ರಸ್ತೆಯಲ್ಲಿ ಹೋದ ಹಾಗೇ ಇತ್ತು.

ಪಿಕಪ್ ಹಿಂದೆ ಬಿತ್ತು. ಮೀಟರ್ ನೋಡಿದರೆ 84. ಎದುರಿಗೆ ಎಡಕ್ಕೆ ತಿರುವು. ತಿರುವಿನ ಬಾಯಲ್ಲೇ ಒಂದು ತೋಟದ ಗೇಟು. ಗೇಟಿನಿಂದ ಇಳಿದ ನೀರು ಕೆಂಪು ಮಣ್ಣನ್ನೂ ಸಿಲ್ವರ್ ಓಕ್ ಎಲೆಗಳನ್ನೂ ತಂದು ರಸ್ತೆ ಮೇಲೆ ಹಾಸಿತ್ತು.

ಬ್ರೇಕ್ ತುಳಿದೆ. ಪೆಡಲ್ ಕಾಲಿನಡಿ ಗಿರಗಿರ ಅಂತ ಒದೆಯತೊಡಗಿತು. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿದೆ ಅಂತ ಗೊತ್ತಾಯಿತು, ಆದರೆ ವೇಗ ಇಳಿಯುತ್ತಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುಗಿಸಿದೆ. ಅದು ಬೆಣ್ಣೆಯಲ್ಲಿ ಚಮಚ ಆಡಿಸಿದಷ್ಟು ಹಗುರವಾಗಿತ್ತು. ಚಕ್ರಗಳು ಎಡಕ್ಕೆ ನೋಡುತ್ತಿವೆ, ಕಾರು ಮಾತ್ರ ನೇರ ಹೋಗುತ್ತಿದೆ. ಎದುರಿನ ಲೇನು ಪೂರ್ತಿ ದಾಟಿ, ಬಲಗಡೆ ಚರಂಡಿಯ ಅಂಚಿನಲ್ಲಿ ಹುಲ್ಲು ತಾಗಿ ನಿಂತಿತು. ಹೆಂಡತಿ ಏನೂ ಮಾತಾಡಲಿಲ್ಲ. ಮಗಳಿಗೆ ಎಚ್ಚರವೂ ಆಗಲಿಲ್ಲ. ರಿವರ್ಸ್ ಹಾಕಿ ನಮ್ಮ ಸೈಡಿಗೆ ಬಂದು ಒಂದು ನಿಮಿಷ ಆಗಿರಲಿಲ್ಲ, ಅದೇ ತಿರುವಿನಿಂದ ಎದುರಿಗೆ ಕೆಂಪು ಬಸ್ಸು ಬಂತು.

ಆ ಒಂದು ನಿಮಿಷ ಈಗಲೂ ನನ್ನ ಎದೆಯಲ್ಲಿ ಕೂತಿದೆ.

ಆಮೇಲೆ ಎಷ್ಟೋ ದಿನ ಇದನ್ನೇ ಯೋಚಿಸಿದೆ. ತಪ್ಪು ಆ ತಿರುವಿನಲ್ಲಿ ಆಗಿರಲಿಲ್ಲ. ಅದರ ಹಿಂದಿನ ನೇರ ರಸ್ತೆಯಲ್ಲಿ ಆಗಿತ್ತು. ಮುಂಚೆ ನನ್ನ ಹತ್ತಿರ ಇದ್ದದ್ದು ಮುಂದಿನ ಚಕ್ರ ಎಳೆಯುವ ಸಾಧಾರಣ ಕಾರು. ಮಳೆಯಲ್ಲಿ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಚಕ್ರ ಸುಮ್ನೆ ತಿರುಗುತ್ತಿತ್ತು, ಸ್ಟೇರಿಂಗ್ ಕೈಯಲ್ಲಿ ಎಳೆದಾಡುತ್ತಿತ್ತು. ಓಹೋ, ಇವತ್ತು ರಸ್ತೆ ಜಾರ್ತಾ ಇದೆ ಅಂತ ಗೊತ್ತಾಗಿ ಕಾಲು ತಾನಾಗೇ ಸಡಿಲವಾಗುತ್ತಿತ್ತು. ಆಲ್ ವೀಲ್ ಡ್ರೈವ್ ಕಾರು ಆ ಎಚ್ಚರಿಕೆಯನ್ನೇ ತೆಗೆದುಬಿಡುತ್ತದೆ. ಎರಡು ಚಕ್ರ ಹೊರಬೇಕಾದ ಕೆಲಸವನ್ನು ನಾಲ್ಕು ಹಂಚಿಕೊಳ್ಳುತ್ತವೆ, ಹಾಗಾಗಿ ಯಾವುದೂ ಜಾರುವುದಿಲ್ಲ. ರಸ್ತೆ ಎಷ್ಟು ಜಾರುತ್ತದೆ ಅನ್ನುವ ಸುದ್ದಿ ನಮಗೆ ಬ್ರೇಕ್ ತುಳಿದಾಗಲೇ ಸಿಗುವುದು. ಅಷ್ಟು ಹೊತ್ತಿಗೆ ಆ ಸುದ್ದಿಯಿಂದ ಏನೂ ಉಪಯೋಗ ಇರುವುದಿಲ್ಲ.

ನಮ್ಮ ಚಿಕ್ಕಪ್ಪನ ತೋಟದಲ್ಲಿ ಹಳೇ ಮಹೀಂದ್ರ ಜೀಪ್ ಇತ್ತು. ಅದೂ ಫೋರ್ ಬೈ ಫೋರೇ. ಆದರೆ ಅದರಲ್ಲಿ ಗೇರಿನ ಪಕ್ಕ ಇನ್ನೊಂದು ಲಿವರ್. ಕೆಸರು ಬಂದಾಗ ಚಿಕ್ಕಪ್ಪ ನಿಲ್ಲಿಸಿ, ಲಿವರ್ ಎಳೆದು, ನಿಧಾನ ಹೋಗುತ್ತಿದ್ದರು. ಇಲ್ಲಿ ಜಾರುತ್ತೆ ಅನ್ನುವ ತೀರ್ಮಾನ ಅವರದ್ದು. ಈಗಿನ ಕಾರುಗಳಲ್ಲಿ ಆ ತೀರ್ಮಾನ ಕಾರಿನದ್ದೇ. ಬಹಳಷ್ಟು ಎಸ್‌ಯುವಿಗಳಲ್ಲಿ ಮಾಮೂಲಾಗಿ ಮುಂದಿನ ಚಕ್ರವೇ ಎಳೆಯುತ್ತಿರುತ್ತದೆ. ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಶಿಯಲ್ ಹತ್ತಿರ ಒಂದು ಕ್ಲಚ್ ಇರುತ್ತದೆ, ಅದನ್ನು ಕಂಪ್ಯೂಟರ್ ಬಿಗಿ ಮಾಡಿ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ, ನಮಗೆ ಹೇಳುವುದೂ ಇಲ್ಲ. ತಂತ್ರಜ್ಞಾನ ಅದ್ಭುತ, ಒಪ್ಪುತ್ತೇನೆ. ಆದರೆ ಬ್ರೇಕ್ ಹಾಕುವಾಗ ಆ ಕ್ಲಚ್ಚಿಗೆ ಏನೂ ಕೆಲಸವಿಲ್ಲ. ಬ್ರೇಕು ಎಲ್ಲಾ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಅದರಲ್ಲಿ ನಮ್ಮ ಕಾರಿಗೆ ಜಾಸ್ತಿ ಏನೂ ಸಿಕ್ಕಿಲ್ಲ, ಬದಲಿಗೆ ತೂಕ ಜಾಸ್ತಿಯಾಗಿದೆ.

ಮೊದಲಿಂದಲೂ ಆಲ್ ವೀಲ್ ಡ್ರೈವ್ ಎಳೆಯುವುದಕ್ಕೆ ಅಂತಲೇ ಬಂದದ್ದು. 1977ರ ಚಳಿಗಾಲದಲ್ಲಿ ಆಡಿಯ ಎಂಜಿನಿಯರ್ ಯೋರ್ಗ್ ಬೆನ್‌ಸಿಂಗರ್ ಫಿನ್ಲೆಂಡಿನ ಹಿಮದಲ್ಲಿ ಪರೀಕ್ಷೆ ನಡೆಸುತ್ತಿದ್ದರು. ಫೋಕ್ಸ್‌ವ್ಯಾಗನ್ ಇಲ್ಟಿಸ್ ಅನ್ನುವ, ನಾಲ್ಕೂ ಚಕ್ರ ಎಳೆಯುವ ಮಿಲಿಟರಿ ಜೀಪು ಬರೀ 75 ಹಾರ್ಸ್‌ಪವರ್ ಇಟ್ಟುಕೊಂಡು ಜಾಸ್ತಿ ಶಕ್ತಿಯ ಕಾರುಗಳನ್ನು ಹಿಂದೆ ಹಾಕಿದ್ದನ್ನು ಕಂಡರು. ಅಲ್ಲಿಂದ ಹುಟ್ಟಿದ್ದೇ ಆಡಿಯ ಆಲ್ ವೀಲ್ ಡ್ರೈವ್ ಕಾರು ಕ್ವಾಟ್ರೊ. 1980ರಲ್ಲಿ ಜಿನೀವಾ ಮೋಟಾರ್ ಶೋನಲ್ಲಿ ಬಂತು, ಐದು ಸಿಲಿಂಡರ್ ಟರ್ಬೊ, 200 ಹಾರ್ಸ್‌ಪವರ್. ಮುಂದಿನ ವರ್ಷವೇ ಕಾರು ಓಟದ ರ‍್ಯಾಲಿಗೆ ಇಳಿದು ಆ ಲೋಕವನ್ನೇ ಬದಲಾಯಿಸಿತು. ಹಿಮದಲ್ಲಿ, ಕೆಸರಿನಲ್ಲಿ ಮುಂದಕ್ಕೆ ಹೋಗುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ನಿಲ್ಲುವ ವಿಷಯ ಬೇರೆ.

ನಿಲ್ಲುವ ಲೆಕ್ಕ ನೋಡಿ. 80 ಕಿ.ಮೀ. ವೇಗದಲ್ಲಿ ಒಳ್ಳೇ ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಹಾಕಿದರೆ ಸುಮಾರು 32 ಮೀಟರಿನಲ್ಲಿ ನಿಲ್ಲಬಹುದು. ಒದ್ದೆಯಾಗಿ ಹಿಡಿತ ಅರ್ಧಕ್ಕೆ ಇಳಿದರೆ 63 ಮೀಟರ್ ಬೇಕು. ಇದಕ್ಕೆ ಮುಂಚೆ ಕಾಲು ಬ್ರೇಕಿಗೆ ಬರುವ ಒಂದು ಸೆಕೆಂಡಿನಲ್ಲೇ 22 ಮೀಟರ್ ಹೋಗಿರುತ್ತದೆ. ಎಲ್ಲಾ ಸೇರಿ 85 ಮೀಟರ್. ಏಳು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟು ಉದ್ದ. ಚಾರ್ಮಾಡಿಯಲ್ಲಿ ಮಂಜು ಕವಿದಾಗ ಎರಡು ಬಸ್ಸಿನಷ್ಟು ದೂರವೂ ಕಾಣುವುದಿಲ್ಲ.

ತಿರುವಿನದ್ದೂ ಹಾಗೇ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು ಒಣ ರಸ್ತೆಯಲ್ಲಿ ಹೆಚ್ಚೆಂದರೆ 55ರಲ್ಲಿ ಹಿಡಿಯಬಹುದು ಅಂತಿಟ್ಟುಕೊಳ್ಳಿ. ಹಿಡಿತ ಅರ್ಧವಾದರೆ ಅದೇ ತಿರುವಿಗೆ 39 ಬಂತು ಅಂದ್ರೆ ಮುಗೀತು, ಅದರಾಚೆ ಜಾರುವುದೇ. ಎಂಜಿನ್ ಎಷ್ಟು ದೊಡ್ಡದು, ಎಷ್ಟು ಚಕ್ರ ಎಳೆಯುತ್ತವೆ ಅನ್ನುವುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ನೆಲಕ್ಕೆ ತಾಗಿರುವುದು ಒಂದೊಂದು ಟೈರಿನ ಒಂದೊಂದು ಅಂಗೈಯಷ್ಟು ಜಾಗ. ತಿರುಗುವುದು, ನಿಲ್ಲುವುದು, ಎಳೆಯುವುದು ಮೂರಕ್ಕೂ ಅಷ್ಟೇ ಹಿಡಿತದಲ್ಲಿ ಪಾಲು. ಒಂದೇ ಚೊಂಬು ನೀರು, ಕಾಲು ತೊಳೆಯೋಕೆ ಪೂರ್ತಿ ಸುರಿದುಬಿಟ್ಟರೆ ಕುಡಿಯೋಕೆ ಉಳಿಯಲ್ಲ. ಅದಕ್ಕೇ ತಿರುವಿನ ಒಳಗೆ ಬ್ರೇಕ್ ಹಾಕಬಾರದು, ನೇರ ಇರುವಾಗಲೇ ವೇಗ ಇಳಿಸಿಕೊಂಡು ಒಳಗೆ ಹೋಗಬೇಕು.

ಟರ್ಬೊ ಇಲ್ಲಿ ಇನ್ನೊಂದು ತೊಂದರೆ ಸೇರಿಸುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಕಾಲು ಒತ್ತಿದಷ್ಟು ಶಕ್ತಿ, ಬಿಟ್ಟಷ್ಟು ಕಮ್ಮಿ. ಟರ್ಬೊದಲ್ಲಿ ಒತ್ತಿದ ಮೇಲೆ ಒಂದು ಕ್ಷಣ ಏನೂ ಆಗುವುದಿಲ್ಲ. ಹೊಗೆ ಗಾಳಿ ಟರ್ಬೈನ್ ತಿರುಗಿಸಿ, ಅದು ಎಂಜಿನ್ನಿಗೆ ಗಾಳಿ ತುಂಬಬೇಕು. ನಾವು ಇನ್ನೊಂದು ಚೂರು ಒತ್ತುತ್ತೇವೆ. ಅಷ್ಟರಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎರಡು ಗೇರ್ ಕೆಳಗೆ ಹಾರುತ್ತದೆ. ಎಲ್ಲಾ ಒಟ್ಟಿಗೆ ಬಂದು ಬೀಳುತ್ತದೆ. ಹೇರ್‌ಪಿನ್ ತಿರುವಿನ ಮಧ್ಯದಲ್ಲಿ ಹೀಗಾದರೆ ಮೂತಿ ಹೊರಗೆ ಓಡುತ್ತದೆ. ಹೆದರಿ ಕಾಲನ್ನು ಪಟ್ಟಂತ ತೆಗೆದರೆ ತೂಕವೆಲ್ಲಾ ಮುಂದಕ್ಕೆ ಬಿದ್ದು ಹಿಂಭಾಗ ತಿರುಗಬಹುದು. ಘಾಟಿಯಲ್ಲಿ ನಾನು ಈಗ ಗೇರನ್ನು ಮ್ಯಾನುಯಲ್‌ಗೆ ಹಾಕಿಕೊಳ್ಳುತ್ತೇನೆ. ಎರಡನೇ ಗೇರು, ಕಾಲು ಮೆತ್ತಗೆ, ಕಾರು ನೇರವಾದ ಮೇಲೆ ಮಾತ್ರ ಒತ್ತುವುದು. ಇಳಿಯುವಾಗಲೂ ಅದೇ ಎರಡನೇ ಗೇರು. ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ.

"ರ‍್ಯಾಲಿಯಲ್ಲಿ ಓಡಿಸಲ್ವಾ?" ಅಂತ ಆ ಹುಡುಗ ಕೇಳಿದ. ಓಡಿಸ್ತಾರೆ. ನಮ್ಮ ದೇಶದ ರ‍್ಯಾಲಿ ಚಾಲಕ ಗೌರವ್ ಗಿಲ್ 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಗೆದ್ದದ್ದು ಸ್ಕೋಡಾ ಫಾಬಿಯಾ ಆರ್5ರಲ್ಲಿ. ಅದು 1.6 ಲೀಟರ್ ಟರ್ಬೊ, ನಾಲ್ಕು ಚಕ್ರ. ಆ ಸರಣಿಯ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೇ ನಡೆದಿತ್ತು. ಆದರೆ ಅಲ್ಲಿ ರಸ್ತೆ ಮುಚ್ಚಿರುತ್ತಾರೆ. ಪಕ್ಕದಲ್ಲಿ ಕೂತವರು ಪ್ರತಿ ತಿರುವನ್ನೂ ಮುಂಚೆಯೇ ಬರೆದುಕೊಂಡು ಓದಿ ಹೇಳುತ್ತಿರುತ್ತಾರೆ. ಎದುರಿಂದ ಹಾಲಿನ ಲಾರಿ ಬರುವುದಿಲ್ಲ. ತೋಟದ ಗೇಟಿನಿಂದ ಕೊಡೆ ಹಿಡಿದ ಹೆಂಗಸರು ರಸ್ತೆಗೆ ಬರುವುದಿಲ್ಲ.

ಇನ್ನು ಹೆದ್ದಾರಿ. ನೆಲಮಂಗಲದಿಂದ ಹಾಸನದವರೆಗೆ ರಸ್ತೆ ಚೆನ್ನಾಗಿದೆ, ಮಳೆಯಲ್ಲೂ ಜನ 110ರಲ್ಲಿ ಹೋಗ್ತಾರೆ. ಅಲ್ಲಿ ಭಯ ಬೇರೆ ಥರದ್ದು. ಡಿವೈಡರ್ ಪಕ್ಕ ನೀರು ನಿಂತಿರುತ್ತದೆ. ಟೈರಿನ ಕೆಳಗೆ ನೀರು ಹೊರಗೆ ಹೋಗಲು ಸಮಯ ಸಿಗದೆ ಟೈರು ನೀರಿನ ಮೇಲೇ ತೇಲುತ್ತದೆ. ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ನಾಸಾದವರು 1960ರ ದಶಕದಲ್ಲಿ ಇದಕ್ಕೊಂದು ಸೂತ್ರ ಕೊಟ್ಟರು. ಅದರ ಪ್ರಕಾರ ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಸುಮಾರು 94 ಕಿ.ಮೀ. ವೇಗಕ್ಕೆ ತೇಲಲು ಶುರು. ಗಾಳಿ 24ಕ್ಕೆ ಇಳಿದಿದ್ದರೆ 82ಕ್ಕೇ. ಟೈರ್ ಸವೆದಿದ್ದರೆ, ಅಗಲ ಜಾಸ್ತಿ ಇದ್ದರೆ ಇನ್ನೂ ಬೇಗ. ಶಕ್ತಿಯ ಕಾರುಗಳಿಗೆ ಅಗಲದ ಟೈರೇ ಇರುವುದು, ಅದನ್ನೂ ನೆನಪಿಡಿ. ತೇಲುವ ಟೈರು ನಾಲ್ಕಾದರೇನು ಎಂಟಾದರೇನು, ಯಾವುದಕ್ಕೂ ನೆಲವೇ ಇಲ್ಲ. ಹಾಗಾದಾಗ ಸ್ಟೇರಿಂಗ್ ನೇರ ಹಿಡಿದು, ಕಾಲನ್ನು ನಿಧಾನಕ್ಕೆ ಎತ್ತಬೇಕು. ಬ್ರೇಕ್ ಒದೆಯಬಾರದು. ವೇಗವನ್ನು ಕಾರೇ ಹಿಡಿದಿಡುವ ಕ್ರೂಸ್ ಕಂಟ್ರೋಲನ್ನು ಮಳೆಯಲ್ಲಿ ಹಾಕಲೇಬೇಡಿ.

ಮತ್ತೆ ಆ ಹಜಾರ್ಡ್ ಲೈಟು! ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡುವವರನ್ನು ಕಂಡರೆ ನನಗೆ ನಿಜವಾಗಲೂ ಬೇಜಾರು. ನೀವು ಲೇನ್ ಬದಲಾಯಿಸುತ್ತೀರೋ, ನಿಂತಿದ್ದೀರೋ ಹಿಂದಿನವರಿಗೆ ತಿಳಿಯುವುದು ಹೇಗೆ? ಹೆಡ್‌ಲೈಟ್ ಹಾಕಿ, ಸಾಕು.

ಟೈರಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಆ ಘಟನೆ ಆಗಿ ಬೆಂಗಳೂರಿಗೆ ಬಂದವನೇ ಟೈರ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಟಾರ್ಚ್ ಬಿಟ್ಟು ಟೈರಿನ ಗೀರಿನೊಳಗೆ ಬೆರಳು ಇಟ್ಟು ತೋರಿಸಿದ. ಆ ಗೀರುಗಳ ತಳದಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ, ಅದು 1.6 ಮಿಲಿಮೀಟರ್ ಎತ್ತರ. ಸವೆತ ಅಲ್ಲಿಗೆ ಬಂದರೆ ಕಾನೂನಿನ ಪ್ರಕಾರ ಟೈರ್ ಮುಗೀತು. ನನ್ನ ಮುಂದಿನ ಟೈರುಗಳಲ್ಲಿ ಸುಮಾರು 3 ಉಳಿದಿತ್ತು. ಹೊಸದರಲ್ಲಿ ಸುಮಾರು 8 ಇರುತ್ತದೆ. ಕಾನೂನಿಗೆ ಸರಿ, ಮಲೆನಾಡಿನ ಜುಲೈಗೆ ಸಾಲದು. "ಮುಂದಿನ ಎರಡು ಹಾಕ್ಸಿ ಸರ್, ಸಾಕು" ಅಂದ ಹುಡುಗ. ಬೇರೆ ಕಾರಿನಲ್ಲೂ ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಮಳೆಯಲ್ಲಿ ಹಿಂಭಾಗ ಮೊದಲು ಜಾರುತ್ತದೆ. ಆಲ್ ವೀಲ್ ಡ್ರೈವ್‌ನಲ್ಲಂತೂ ನಾಲ್ಕೂ ಒಂದೇ ಅಳತೆ ಇರಲೇಬೇಕು. ಹಳೇ ಟೈರ್ ಚಿಕ್ಕದು, ಹೊಸದು ದೊಡ್ಡದು. ಎರಡೂ ಬೇರೆ ಬೇರೆ ಸಲ ಸುತ್ತುತ್ತಾ ನಡುವಿನ ಕ್ಲಚ್ಚನ್ನು ದಿನವಿಡೀ ಉಜ್ಜುತ್ತವೆ. ನಾಲ್ಕೂ ಹಾಕಿಸಿದೆ. ದುಡ್ಡು ಜಾಸ್ತಿಯೇ ಆಯಿತು. ಮನೆಯಲ್ಲಿ ಯಾರೂ ಯಾಕೆ ಅಂತ ಕೇಳಲಿಲ್ಲ.

ಈಗ ಮಳೆಯಲ್ಲಿ ಹೊರಟಾಗ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಊರು ದಾಟಿ ರಸ್ತೆ ನೇರ ಇದ್ದು, ಕನ್ನಡಿಯಲ್ಲಿ ಹಿಂದೆ ಯಾರೂ ಕಾಣದಿದ್ದಾಗ, 40ರಲ್ಲಿ ಒಂದು ಸಲ ಬ್ರೇಕನ್ನು ಸ್ವಲ್ಪ ಗಟ್ಟಿಯಾಗಿ ಒತ್ತಿ ನೋಡುತ್ತೇನೆ. ಪೆಡಲ್ ಬೇಗ ಗಿರಗಿರ ಅಂದರೆ ಇವತ್ತು ರಸ್ತೆ ಕೆಟ್ಟದಾಗಿದೆ ಅಂತ ಅರ್ಥ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ದಿನ, ಎಣ್ಣೆ ಧೂಳು ಎಲ್ಲಾ ಮೇಲೆದ್ದಿರುವಾಗ, ಹೀಗಾಗುವುದು ಜಾಸ್ತಿ. ಆಕ್ಸಿಲರೇಟರ್ ಹೇಳದೆ ಬಚ್ಚಿಡುವುದನ್ನು ಬ್ರೇಕಿನ ಹತ್ತಿರ ಹೀಗೆ ಮೊದಲೇ ಕೇಳಿಕೊಳ್ಳುತ್ತೇನೆ.

ಆ ಹುಡುಗನಿಗೆ ಫೋನ್ ಮಾಡಿದೆ. ಚಾರ್ಮಾಡಿಗೆ ಹೋಗಬೇಡ ಅನ್ನಲಿಲ್ಲ. ಅಷ್ಟು ಒಳ್ಳೇ ಕಾರು ತಗೊಂಡು ಹೋಗದೆ ಇರ್ತಾನಾ? ಶನಿವಾರ ಬೆಳಿಗ್ಗೆ ಆರಕ್ಕೆ ನಮ್ಮ ಮನೆ ಹತ್ತಿರ ಬಾ ಅಂದೆ. ಮೊದಲು ನಾಲ್ಕೂ ಟೈರು ನೋಡೋಣ, ತಣ್ಣಗಿರುವಾಗಲೇ ಗಾಳಿ ಅಳೆಯೋಣ. ದಾರಿಯಲ್ಲಿ ಆ ತೋಟದ ಗೇಟಿನ ಹತ್ತಿರ ಒಂದು ನಿಮಿಷ ಕಾರು ನಿಲ್ಲಿಸಿ ತೋರಿಸ್ತೀನಿ, ಆಮೇಲೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಣ ಅಂದಿದ್ದೇನೆ. ಬರ್ತೀನಿ ಅಣ್ಣಾ ಅಂದ.